ಬಿಸಿಯೇರದ ಎಂಜಿನ್‌ನ ಪತ್ತೆಗೆ ಬ್ಲೂಟೂತ್ ಓಬಿಡಿ ಸ್ಕ್ಯಾನರ್: ಒಂದು ಬಳಕೆದಾರ ವಿಮರ್ಶೆ

ಸ್ಟೀರಿಂಗ್‌ನ ಕೆಳಗಿರುವ 16 ಪಿನ್‌ಗಳ ಓಬಿಡಿ (ವಾಹನದೊಳಗಿನ ದೋಷಪತ್ತೆ ವ್ಯವಸ್ಥೆ) ಸಾಕೆಟ್‌ಗೆ ಸಿಕ್ಕಿಸಿ, ಎಂಜಿನ್‌ನ ಮಾಹಿತಿಯನ್ನು ಮೊಬೈಲ್‌ನಲ್ಲಿ ಓದಿಕೊಳ್ಳಬಹುದಾದ ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳನ್ನು ಹೆಚ್ಚಿನವರು ಕೊಳ್ಳುವುದು ಚೆಕ್ ಎಂಜಿನ್ ದೀಪ ಹೊತ್ತಿಕೊಂಡಾಗ ದೋಷದ ಕೋಡ್ ನೋಡಿ ಅಳಿಸುವುದಕ್ಕಾಗಿ. ಈ ಸಾಧನ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಯಾವ ದೀಪವೂ ಹೊತ್ತದೆ, ಯಾವ ಕೋಡೂ ದಾಖಲಾಗದೆ, ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಓಡುತ್ತಿದ್ದ ಸಂದರ್ಭದಲ್ಲಿ. ಸಾವಿರ ರೂಪಾಯಿಯೊಳಗೆ ಸಿಗುವ ಈ ಪುಟ್ಟ ಪೆಟ್ಟಿಗೆಯನ್ನು ಆ ಒಂದು ಕೆಲಸಕ್ಕಾಗಿಯೇ ಕೊಂಡರೂ ಹಣ ದಂಡವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂಡಿಗೆರೆಯ ಕಡೆ ಓಡುವ ನಮ್ಮ ಪೆಟ್ರೋಲ್ ಕಾರಿನಲ್ಲಿ ತಾಪಮಾನ ತೋರಿಸುವ ಮುಳ್ಳು ಇಲ್ಲ. ತಣ್ಣಗಿದ್ದಾಗ ನೀಲಿ ದೀಪ, ವಿಪರೀತ ಕಾದಾಗ ಕೆಂಪು ದೀಪ, ಅಷ್ಟೇ. ನೀಲಿ ದೀಪ ಆರಿತೆಂದ ಮಾತ್ರಕ್ಕೆ ಎಂಜಿನ್ ಹದಕ್ಕೆ ಬಂತೆಂದು ತಿಳಿಯುವಂತಿಲ್ಲ, ಏಕೆಂದರೆ ಅದು ಹದದ ಬಿಸಿಗಿಂತ ಬಹಳ ಮೊದಲೇ ಆರಿಬಿಡುತ್ತದೆ. ಡಿಸೆಂಬರ್‌ನ ಬೆಳಗುಗಳಲ್ಲಿ ಹೀಟರ್‌ನಿಂದ ಬರುತ್ತಿದ್ದುದು ಉಗುರುಬೆಚ್ಚಗಿನ ಗಾಳಿ, ಮೈಲೇಜ್ ಕುಸಿದಿತ್ತು, ಎಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿದರೆ ಅದರ ಒಳಮೈಗೆ ಕೆನೆಯಂಥ ಬಿಳಿಯ ಜಿಡ್ಡು ಅಂಟಿರುತ್ತಿತ್ತು. ಗ್ಯಾರೇಜಿನಲ್ಲಿ ಹೇಳಿದಾಗ ಬಂದ ಉತ್ತರ, 'ಎಂಜಿನ್ ತಣ್ಣಗಿದ್ರೆ ಒಳ್ಳೇದೇ ಅಲ್ವಾ ಸಾರ್?' ಎಂದು.

ಒಳ್ಳೆಯದಲ್ಲ. ಕೂಲಂಟ್ (ಎಂಜಿನ್‌ನ ಬಿಸಿ ಹೀರುವ ದ್ರವ) ತಣ್ಣಗಿದೆಯೆಂದು ತಿಳಿದಾಗ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಹೆಚ್ಚು ಪೆಟ್ರೋಲ್ ಸಿಂಪಡಿಸುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್‌ನ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ಬಿಸಿಗೆ ಆವಿಯಾಗಿ ಹೋಗಬೇಕಾದ ನೀರಿನ ಪಸೆ ಆಯಿಲ್‌ನಲ್ಲೇ ಉಳಿದು ಆ ಬಿಳಿಯ ಜಿಡ್ಡಾಗುತ್ತದೆ. ಬಿಎಸ್-6 ಹೊಗೆ ಮಾನದಂಡದ ಡೀಸೆಲ್ ಗಾಡಿಗಳಲ್ಲಿ ತೊಂದರೆ ಇನ್ನೂ ದೊಡ್ಡದು, ಏಕೆಂದರೆ ಎಂಜಿನ್ ಸಾಕಷ್ಟು ಕಾಯದಿದ್ದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳುವ ಕ್ರಿಯೆಯೇ ಸರಿಯಾಗಿ ನಡೆಯುವುದಿಲ್ಲ.

ಸ್ಕ್ಯಾನರ್‌ನ ಲೈವ್ ಡೇಟಾ ಭಾಗದಲ್ಲಿ ಕೂಲಂಟ್ ತಾಪಮಾನವನ್ನು ಆರಿಸಿಕೊಂಡರೆ ಅಂಕಿಯೂ ಗ್ರಾಫೂ ಎರಡೂ ಸಿಗುತ್ತವೆ. ಮೊದಲು ನೋಡಬೇಕಾದದ್ದು ಸೆನ್ಸರ್ ನಿಜ ಹೇಳುತ್ತಿದೆಯೇ ಎಂಬುದನ್ನು. ಇಡೀ ರಾತ್ರಿ ನಿಂತ ಕಾರಿನಲ್ಲಿ ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿದಾಗ ಕೂಲಂಟ್‌ನ ತಾಪಮಾನವೂ ಒಳಬರುವ ಗಾಳಿಯ ತಾಪಮಾನವೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 18 ಡಿಗ್ರಿ ಎಂದು, ಇನ್ನೊಂದು 5 ಡಿಗ್ರಿ ಎಂದು ತೋರಿಸಿದರೆ ಯಾವುದೋ ಒಂದು ಸೆನ್ಸರನ್ನು ಅನುಮಾನಿಸಬೇಕು. ಮೈನಸ್ 40 ಎಂದು ತೋರಿದರೆ ಸಾಮಾನ್ಯವಾಗಿ ಸೆನ್ಸರ್‌ನ ವೈರ್ ಅಥವಾ ಕನೆಕ್ಟರ್ ಕಳಚಿದೆ ಎಂದರ್ಥ. ನಮ್ಮ ಕಾರಿನಲ್ಲಿ ಎರಡೂ ಹೊಂದಿಕೊಂಡಿದ್ದವು.

ಆಮೇಲಿನ ಗ್ರಾಫ್ ಎಲ್ಲವನ್ನೂ ಬಿಡಿಸಿ ಹೇಳಿತು. ಕೊಟ್ಟಿಗೆಹಾರದವರೆಗೆ ತಾಪಮಾನ ಏರಿದರೂ 75 ಡಿಗ್ರಿಯ ಆಸುಪಾಸಿನಲ್ಲೇ ಉಳಿಯಿತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಗೇರಿನಲ್ಲೇ ಚಾರ್ಮಾಡಿ ಘಾಟಿ ಇಳಿಯುವಾಗ 60ರ ಹತ್ತಿರಕ್ಕೆ ಜಾರಿತು. ಉಜಿರೆಯಲ್ಲಿ ವಾಹನಗಳ ಸಾಲಿನಲ್ಲಿ ನಿಂತಾಗ ಮತ್ತೆ 80 ದಾಟಿತು. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ನಡುವೆ ತೆರೆಯತೊಡಗುವ ಥರ್ಮೋಸ್ಟಾಟ್ ವಾಲ್ವ್, ಅದಕ್ಕಿಂತ ಕಡಿಮೆ ಬಿಸಿಯಲ್ಲಿ ಕೂಲಂಟನ್ನು ರೇಡಿಯೇಟರ್‌ನತ್ತ ಬಿಡಬಾರದು. ಎದುರುಗಾಳಿ ಸಿಕ್ಕಾಗ ಬಿಸಿ ಇಳಿದು, ನಿಂತಾಗ ಏರುತ್ತಿದೆ ಎಂದರೆ ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ, ಇಲ್ಲವೇ ವಾಲ್ವೇ ಇಲ್ಲ. ಮರುದಿನ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ, ಫ್ಯಾನ್ ಬೆಲ್ಟ್‌ಗೆ ಕೈ ತಾಗದಂತೆ ಎಚ್ಚರವಹಿಸಿ ರೇಡಿಯೇಟರ್‌ನ ಮೇಲಿನ ಹೋಸ್ ಪೈಪನ್ನು ಮುಟ್ಟಿ ನೋಡಿದಾಗ ಇದಕ್ಕೆ ಪುಷ್ಟಿ ದೊರೆಯಿತು: ವಾಲ್ವ್ ಸರಿಯಿದ್ದರೆ ಬಹಳ ಹೊತ್ತು ತಣ್ಣಗೇ ಇದ್ದು ನಂತರ ಥಟ್ಟನೆ ಕಾಯಬೇಕಿದ್ದ ಪೈಪು ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಿತ್ತು.

ಬಿಚ್ಚಿ ನೋಡಿದರೆ ವಾಲ್ವ್ ಇರಬೇಕಾದ ಜಾಗ ಖಾಲಿ. ಹಿಂದೆಂದೋ ಎಂಜಿನ್ ಕಾದಿದ್ದಾಗ ಯಾರೋ ಅದನ್ನು ತೆಗೆದೇ ಹಾಕಿದ್ದರು. ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಇದು ಹಳೆಯ ರೂಢಿ, ಮತ್ತು ನಿಲ್ಲಬೇಕಾದ ರೂಢಿ. ಹೊಸ ವಾಲ್ವನ್ನು ಹಾಕುವ ಮುನ್ನ ನೀರಿನ ಪಾತ್ರೆಯಲ್ಲಿ ಥರ್ಮಾಮೀಟರ್‌ನೊಂದಿಗೆ ಇಳಿಬಿಟ್ಟು ಕಾಯಿಸಿದೆವು. 82ರ ಸುಮಾರಿಗೆ ಒಳಗಿನ ಮೇಣ ಹಿಗ್ಗಿ, ಹಿತ್ತಾಳೆಯ ತಟ್ಟೆ ಸ್ಪ್ರಿಂಗನ್ನು ಒತ್ತುತ್ತ ಮೆಲ್ಲನೆ ಮೇಲೆದ್ದಿತು. ಈಗ ಘಾಟಿ ಇಳಿಯುವಾಗಲೂ ಗ್ರಾಫ್ 80ರ ಮೇಲೆಯೇ ಇರುತ್ತದೆ, ಹೀಟರ್ ನಿಜಕ್ಕೂ ಬಿಸಿಗಾಳಿ ಕೊಡುತ್ತದೆ.

ಸಾಧನದ ಕೊರತೆಗಳನ್ನೂ ಹೇಳಬೇಕು. ಕೋಡ್‌ಗಳನ್ನಷ್ಟೇ ನೋಡಿ ಮುಗಿಸುವವರಿಗೆ ಇದರಿಂದ ಈ ದೋಷ ಸಿಗದೆ ಹೋಗಬಹುದು. ಕೂಲಂಟ್ ನಿಗದಿತ ಬಿಸಿಗೆ ಏರುತ್ತಿಲ್ಲ ಎಂದು ಸೂಚಿಸುವ ಪಿ0128 ಎಂಬ ಕೋಡ್ ಇದೆಯಾದರೂ ನಮ್ಮ ಕಾರಿನಲ್ಲಿ ಅದು ಒಮ್ಮೆಯೂ ಬರಲಿಲ್ಲ. ಮಾರುಕಟ್ಟೆಯಲ್ಲಿರುವ ಅಗ್ಗದ ಸ್ಕ್ಯಾನರ್‌ಗಳಲ್ಲಿ ಬಹುಪಾಲು ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್ ರೂಪಿಸಿದ್ದ ಇಎಲ್‌ಎಂ 327 ಚಿಪ್‌ನ ನಕಲುಗಳು. ಆ ಕಂಪನಿ 2022ರಲ್ಲಿ ಬಾಗಿಲು ಮುಚ್ಚಿದೆ. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ವರ್ಷನ್ ಸಂಖ್ಯೆಯನ್ನು ನಂಬಬೇಡಿ, ಏಕೆಂದರೆ ಎಷ್ಟೋ ನಕಲುಗಳ ಮೇಲೆ ಕಾಣುವ 1.5 ಎಂಬ ವರ್ಷನ್ನನ್ನು ಮೂಲ ಕಂಪನಿ ಹೊರತಂದೇ ಇರಲಿಲ್ಲ. ಒಂದೇ ಬಾರಿಗೆ ಹಲವು ಅಳತೆಗಳನ್ನು ಆರಿಸಿಕೊಂಡರೆ ಅಂಕಿಗಳು ತಡವರಿಸುತ್ತವೆ, ಆದ್ದರಿಂದ ಕೂಲಂಟ್, ಗಾಳಿಯ ತಾಪಮಾನ, ವೇಗ, ಈ ಮೂರನ್ನಷ್ಟೇ ಇಟ್ಟುಕೊಳ್ಳುವುದು ಮೇಲು. ಎಬಿಎಸ್, ಏರ್‌ಬ್ಯಾಗ್‌ನಂಥ ವಿಭಾಗಗಳನ್ನು ಇದು ಸಾಮಾನ್ಯವಾಗಿ ಓದುವುದಿಲ್ಲ.

ಭಾರತದಲ್ಲಿ 2013ರ ಏಪ್ರಿಲ್‌ನಿಂದ ಓಬಿಡಿ-2 ಕಡ್ಡಾಯವಾದ ಕಾರಣ, ಆ ನಂತರದ ಕಾರುಗಳಲ್ಲಿ ಸ್ಕ್ಯಾನರ್ ಹೊಂದದಿರುವ ತೊಂದರೆ ಕಡಿಮೆ. ಅದಕ್ಕಿಂತ ಹಳೆಯ ಗಾಡಿಯಿದ್ದವರು ಸ್ನೇಹಿತರ ಸ್ಕ್ಯಾನರ್ ಸಿಕ್ಕಿಸಿ ನೋಡಿಯೇ ಕೊಳ್ಳಲಿ. ಐಫೋನ್ ಬಳಸುವವರು ಹಳೆಯ ಬಗೆಯ ಬ್ಲೂಟೂತ್ ಸ್ಕ್ಯಾನರ್ ಬಿಟ್ಟು ಬ್ಲೂಟೂತ್ ಎಲ್‌ಇ ಅಥವಾ ವೈಫೈ ಇರುವುದನ್ನೇ ಕೇಳಿ ಪಡೆಯಬೇಕು. ಕಾರು ದಿನಗಟ್ಟಲೆ ನಿಲ್ಲುವುದಿದ್ದರೆ ಸ್ಕ್ಯಾನರನ್ನು ಕಿತ್ತಿಡಿ. ಇಗ್ನಿಷನ್ ಆಫ್ ಆಗಿದ್ದರೂ ಆ ಸಾಕೆಟ್‌ಗೆ ಬ್ಯಾಟರಿಯಿಂದ ವಿದ್ಯುತ್ ಬರುತ್ತಲೇ ಇರುತ್ತದೆ.