ಕುರ್ಚಿ ಮುಂದಿಡುವ ಪೆಡಲ್ ಯಂತ್ರ: ಹಿರಿಯರಿಗೆ ಎಷ್ಟು ಉಪಯೋಗ?

ಕೂತಲ್ಲೇ ತುಳಿಯುವ ಮಿನಿ ಪೆಡಲ್ ಯಂತ್ರವನ್ನು ‘ಹಿರಿಯರಿಗೆ ಸಂಪೂರ್ಣ ವ್ಯಾಯಾಮ’ ಎಂದು ಮಾರುತ್ತಾರೆ. ಸಂಪೂರ್ಣ ಅನ್ನುವುದು ಅತಿಯಾಯಿತು. ಮಂಡಿನೋವಿನಿಂದಲೋ ಬೀಳುವ ಭಯದಿಂದಲೋ ನಡೆಯಲು ಹಿಂಜರಿಯುವವರಿಗೆ ಕಾಲಾಡಿಸಲು, ಉಸಿರಾಟ ಸ್ವಲ್ಪ ಜೋರಾಗುವಷ್ಟು ದಣಿಯಲು ಇದು ಒಳ್ಳೆಯ ಸಾಧನ. ಅಷ್ಟನ್ನೇ ನಿರೀಕ್ಷಿಸಿ ಕೊಂಡರೆ ಮೋಸವಿಲ್ಲ.

ಇಲ್ಲಿ ಹೇಳುತ್ತಿರುವುದು ಮೋಟಾರಿಲ್ಲದ, ನಾಲ್ಕು ಕಾಲಿನ, ಮೇಲೊಂದು ತಿರುಪು ಇರುವ ಸಾದಾ ಮಾದರಿಯ ಬಗ್ಗೆ. ಎಡವಟ್ಟು ಜೋಡಿಸುವಾಗಲೇ ಶುರು. ಎಡ ಪೆಡಲ್‌ನ ಥ್ರೆಡ್ (ತಿರುಪಿನ ಸುರುಳಿ ಗೆರೆ) ಸಾಮಾನ್ಯವಾಗಿ ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಪೆಡಲ್ ಮೇಲಿನ ಎಲ್ (ಎಡ), ಆರ್ (ಬಲ) ಗುರುತು ನೋಡದೆ ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಥ್ರೆಡ್ ಹಾಳಾಗಿ, ತುಳಿಯುತ್ತಿರುವಾಗಲೇ ಪೆಡಲ್ ಕಳಚಿ ಬರಬಹುದು. ಮೊದಲು ಕೈಯಲ್ಲೇ ನಾಲ್ಕೈದು ಸುತ್ತು ತಿರುಗಿಸಿ. ಸಲೀಸಾಗಿ ಹೋದರೆ ಮಾತ್ರ ಬಿಗಿ ಮಾಡಿ.

ಮೇಲಿನ ತಿರುಪು ಬಿಗಿ ಮಾಡಿದಷ್ಟೂ ಒಳಗಿನ ಪಟ್ಟಿ ಪೆಡಲ್ ತಿರುಗುವ ಅಚ್ಚನ್ನು ಒತ್ತಿ ಹಿಡಿಯುತ್ತದೆ, ತಂತ್ರ ಇಷ್ಟೇ. ಉಜ್ಜಿ ಉಜ್ಜಿ ಆ ಭಾಗ ಕಾಯುತ್ತದೆ, ಬಿಗಿತವೂ ಏರುಪೇರಾಗುತ್ತದೆ. ‘ನಿನ್ನೆ ಎರಡು ಸುತ್ತು, ಇವತ್ತೂ ಎರಡು ಸುತ್ತು’ ಎಂಬ ಲೆಕ್ಕ ನಡೆಯದು. ತುಳಿದು ಮುಗಿಸಿದ ಕೂಡಲೇ ಆ ಲೋಹವನ್ನು ಮುಟ್ಟಲೂಬೇಡಿ, ಚುರುಕ್ ಎನ್ನುತ್ತದೆ.

ದೊಡ್ಡ ದೂರು ಒಂದೇ: ನುಣುಪು ನೆಲದ ಮೇಲೆ ಯಂತ್ರ ಮುಂದಕ್ಕೆ ಜಾರುತ್ತದೆ. ಜಾರಿದಷ್ಟೂ ಕೂತವರು ಸೀಟಿನ ಅಂಚಿಗೆ ಬರುತ್ತಾರೆ, ಅಪಾಯ ಇರುವುದು ಅಲ್ಲಿ. ಕೆಳಗೆ ರಬ್ಬರ್ ಮ್ಯಾಟ್ ಹಾಕಿ, ಯಂತ್ರದ ಮುಂಭಾಗ ಗೋಡೆಗೆ ತಾಗುವಂತೆ ಇಡಿ. ಕುರ್ಚಿಗೆ ಚಕ್ರ ಇರಬಾರದು, ಕೈ ಇರಲೇಬೇಕು. ಪೆಡಲ್ ಅತಿ ದೂರ ಹೋದಾಗಲೂ ಮಂಡಿ ತುಸು ಬಾಗಿಯೇ ಇರಬೇಕು. ಕುರ್ಚಿ ತೀರಾ ಹತ್ತಿರವಾದರೆ ಮಂಡಿ ಎದೆಯತ್ತ ಏರಿ, ಮಂಡಿಚಿಪ್ಪಿನ ಸುತ್ತ ನೋವು ಶುರುವಾಗುತ್ತದೆ. ಸೊಂಟದ ಕೀಲು ಬದಲಿಸಿಕೊಂಡವರು ಎಷ್ಟು ಬಾಗಿಸಬಹುದೆಂದು ಶಸ್ತ್ರಚಿಕಿತ್ಸಕರನ್ನು ಕೇಳದೆ ತುಳಿಯಲೇಬಾರದು.

ಪ್ರಮಾಣ? ತಿರುಪು ಪೂರ್ತಿ ಸಡಿಲ ಬಿಟ್ಟು, 5 ನಿಮಿಷದಂತೆ ದಿನಕ್ಕೆ ಎರಡು ಸಲ. ಆಮೇಲೆ ಒಂದೆರಡು ನಿಮಿಷದಂತೆ ಹೊತ್ತು ಹೆಚ್ಚಿಸಿ. ಬಿಗಿತದ ಸರದಿ ಅದಾದ ಮೇಲೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಸುಮ್ಮನೆ ಕೂತಿರುವುದು 0, ಕೈಲಾದಷ್ಟೂ ದಣಿಯುವುದು 10 ಎಂದುಕೊಂಡರೆ 5–6ರಷ್ಟು ಶ್ರಮ. ಬೀಟಾ ಬ್ಲಾಕರ್ (ರಕ್ತದೊತ್ತಡಕ್ಕೆ, ಹೃದಯದ ತೊಂದರೆಗೆ ಕೊಡುವ ಔಷಧಿ) ಮಾತ್ರೆ ನುಂಗುವವರಲ್ಲಿ ಹೃದಯ ಬಡಿತ ಏರುವುದೇ ಕಡಿಮೆ, ಹಾಗಾಗಿ ನಾಡಿ ಎಣಿಸುವುದಕ್ಕಿಂತ ಈ ಅಳತೆಯೇ ನಂಬಿಕಸ್ಥ. ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ಮಟ್ಟ ನೋಡಿಕೊಂಡೇ ಕೂರಬೇಕು. ಥಟ್ಟನೆ ನಿಲ್ಲಿಸಬೇಡಿ: ಕೊನೆಯ ಎರಡು ಮೂರು ನಿಮಿಷ ನಿಧಾನಕ್ಕೆ ತುಳಿದು, ಒಂದು ನಿಮಿಷ ಕೂತಿದ್ದು ಏಳಿ, ಇಲ್ಲದಿದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತೀತು. ಎದೆನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ವಿಶ್ರಾಂತಿಗೂ ಬಗ್ಗದಿದ್ದರೆ ಆಸ್ಪತ್ರೆಗೆ ಹೊರಡಿ.

ಮೇಜಿನ ಮೇಲಿಟ್ಟು ಕೈಯಿಂದ ತಿರುಗಿಸಬಹುದು ಎಂದೂ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಅಷ್ಟೇ ಕೆಲಸಕ್ಕೆ ಕಾಲಿಗಿಂತ ಕೈ ದುಡಿದಾಗ ರಕ್ತದೊತ್ತಡ ಹೆಚ್ಚು ಏರುತ್ತದೆ ಎಂಬುದನ್ನು ಮಾತ್ರ ಬರೆದಿರುವುದಿಲ್ಲ. ಪುಟ್ಟ ಪರದೆಯಲ್ಲಿ ಸಮಯ ನೋಡಿ ಸಾಕು. ತಿರುಪಿನ ಬಿಗಿತವನ್ನೂ ನಿಮ್ಮ ತೂಕವನ್ನೂ ಅರಿಯದ ಮೀಟರ್ ತೋರಿಸುವ ಕ್ಯಾಲರಿ ಬರೀ ಅಂದಾಜು.

ಈಗ ಕೊರತೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ 150–300 ನಿಮಿಷದ ಮಧ್ಯಮ ಶ್ರಮವನ್ನಷ್ಟೇ ಹೇಳಿ ನಿಲ್ಲುವುದಿಲ್ಲ. ಸಮತೋಲನಕ್ಕೂ ಬಲಕ್ಕೂ ಒತ್ತು ಕೊಡುವ ವ್ಯಾಯಾಮ ವಾರಕ್ಕೆ ಮೂರು ದಿನವಾದರೂ ಬೇಕು ಎನ್ನುತ್ತದೆ. ಕೂತು ತುಳಿಯುವಾಗ ಮೈಭಾರ ಹೊರುವುದು ಕುರ್ಚಿ. ಸಮತೋಲನಕ್ಕೆ ಕೆಲಸವೇ ಇಲ್ಲ, ಮೂಳೆಗೂ ಹೆಚ್ಚೇನೂ ಇಲ್ಲ. ಅದೇ ಕುರ್ಚಿಯನ್ನು ಗೋಡೆಗೆ ಆನಿಸಿ, ಕೈಯೂರದೆ (ಆಗದಿದ್ದರೆ ಊರಿ) 8–10 ಸಲ ಎದ್ದು ಕೂರುವುದು, ಗಟ್ಟಿ ಮೇಜು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಬಲಕ್ಕೂ ಸಮತೋಲನಕ್ಕೂ ಪೆಡಲ್ ತುಳಿಯುವುದಕ್ಕಿಂತ ಹೆಚ್ಚಿನ ಲಾಭ ಕೊಡುತ್ತವೆ, ಖರ್ಚೂ ಇಲ್ಲ. ಏಳುವಾಗ ಉಸಿರು ಬಿಡಬೇಕು, ಬಿಗಿಹಿಡಿಯಬಾರದು.

ಮೋಟಾರ್ ಇರುವ ಮಾದರಿ ತಾನೇ ಕಾಲು ತಿರುಗಿಸುತ್ತದೆ. ಕೀಲು ಬಿಗಿಯಾದವರಿಗೆ, ಪಾರ್ಶ್ವವಾಯುವಿನಿಂದ ಕಾಲು ಎತ್ತಲಾಗದವರಿಗೆ ಫಿಸಿಯೋಥೆರಪಿಸ್ಟ್ ಹೇಳಿದರೆ ಅದು ಸರಿ. ನಡೆದಾಡಬಲ್ಲವರು ಅದಕ್ಕೆ ದುಡ್ಡು ಸುರಿಯಬೇಕಿಲ್ಲ.