ಬೆತ್‌ಪೇಜ್ ಬ್ಲ್ಯಾಕ್: ಬೆಂಗಳೂರಿನಿಂದ ಮೊದಲ ಸಲ ಆಡಲು ಹೋಗುವವರಿಗೆ

ಬೆಂಗಳೂರಿನಲ್ಲಿ ಗಾಲ್ಫ್ ಆಡುವವರಿಗೆ ಸಾಮಾನ್ಯವಾಗಿ ಕ್ಲಬ್ಬಿನ ಸದಸ್ಯತ್ವವಿರಬೇಕು, ಇಲ್ಲವೇ ಸದಸ್ಯರೊಬ್ಬರ ಅತಿಥಿಯಾಗಿ ಹೋಗಬೇಕು. 1876ರಷ್ಟು ಹಿಂದೆ ಗಾಲ್ಫ್ ಕ್ಲಬ್ ಕಂಡ ಈ ಊರಿನಲ್ಲಿ ಇದೇ ರೂಢಿ. ಹಾಗಾಗಿ ಅಮೆರಿಕದ ಪ್ರಮುಖ ಗಾಲ್ಫ್ ಪಂದ್ಯಾವಳಿಯಾದ ಯು.ಎಸ್. ಓಪನ್ ನಡೆದ ಕೋರ್ಸೊಂದು (ಗಾಲ್ಫ್ ಮೈದಾನ) ಸರ್ಕಾರಿ ಉದ್ಯಾನದೊಳಗಿದೆ, ಶುಲ್ಕ ಕಟ್ಟಿದ ಯಾರಿಗಾದರೂ ಅಲ್ಲಿ ಆಡಲು ಬಿಡುತ್ತಾರೆ ಎಂಬ ಸಂಗತಿ ನನಗೆ ಬಹಳ ಕಾಲದಿಂದ ಒಂದು ಸೆಳೆತವಾಗಿತ್ತು. ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋದ ಜೂನ್ ತಿಂಗಳಿನಲ್ಲಿ ಆ ಆಸೆ ಈಡೇರಿತು. ನಮ್ಮಲ್ಲಿ ಪ್ರತಿವರ್ಷ ಬೇಸಿಗೆಗೆ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವವರು ಅನೇಕರಿರುವುದರಿಂದ, ಅವರಲ್ಲಿ ಗಾಲ್ಫ್ ಆಡುವವರಿಗೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನಲ್ಲಿ, ಫಾರ್ಮಿಂಗ್‌ಡೇಲ್ ಊರಿನ ಪಕ್ಕದಲ್ಲಿರುವ ಬೆತ್‌ಪೇಜ್ ರಾಜ್ಯ ಉದ್ಯಾನದಲ್ಲಿ ಐದು ಕೋರ್ಸುಗಳಿವೆ. ಬ್ಲ್ಯಾಕ್, ರೆಡ್, ಬ್ಲೂ, ಗ್ರೀನ್, ಯೆಲ್ಲೋ ಎಂದು ಅವುಗಳಿಗೆ ಬಣ್ಣಗಳದೇ ಹೆಸರು. ಆರ್ಥಿಕ ಕುಸಿತದ ವರ್ಷಗಳಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಡಿ ಕಟ್ಟಲಾದ ಬ್ಲ್ಯಾಕ್ ಕೋರ್ಸ್, ಎ.ಡಬ್ಲ್ಯು. ಟಿಲಿಂಗ್‌ಹಾಸ್ಟ್ ಅವರ ವಿನ್ಯಾಸವೆಂದು ಹೆಸರಾಗಿ, 1936ರಲ್ಲಿ ತೆರೆಯಿತು. 2002ರ ಯು.ಎಸ್. ಓಪನ್ ಇಲ್ಲಿ ನಡೆದಾಗ ಸರ್ಕಾರಿ ಒಡೆತನದ ಕೋರ್ಸೊಂದಕ್ಕೆ ಆ ಪಂದ್ಯಾವಳಿ ಬಂದದ್ದು ಅದೇ ಮೊದಲು. ನಾಲ್ಕು ದಿನಗಳ ಕೊನೆಗೆ ಪಾರ್‌ಗಿಂತ (ನಿಗದಿತ ಹೊಡೆತಗಳ ಸಂಖ್ಯೆ) ಕೆಳಗೆ ಮುಗಿಸಿದವರು ಟೈಗರ್ ವುಡ್ಸ್ ಒಬ್ಬರೇ, ಅದೂ ಕೇವಲ ಮೂರು ಹೊಡೆತಗಳಷ್ಟು. 2009ರಲ್ಲಿ ಯು.ಎಸ್. ಓಪನ್ ಮತ್ತೆ ಇಲ್ಲಿಗೆ ಬಂದಿತು, 2019ರಲ್ಲಿ ಪಿ.ಜಿ.ಎ. ಚಾಂಪಿಯನ್‌ಶಿಪ್, 2025ರಲ್ಲಿ ಅಮೆರಿಕ ಮತ್ತು ಯುರೋಪ್ ತಂಡಗಳ ನಡುವಿನ ರೈಡರ್ ಕಪ್ ನಡೆದವು. ಮೊದಲ ಟೀಯ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ) ಬಳಿ, ಇದು ಅತ್ಯಂತ ಕಠಿಣವಾದ ಕೋರ್ಸ್, ಬಹಳ ನುರಿತ ಆಟಗಾರರಿಗೆ ಮಾತ್ರ ಸೂಕ್ತ ಎಂಬ ಎಚ್ಚರಿಕೆಯ ಫಲಕವನ್ನು ತೂಗುಹಾಕಿದ್ದಾರೆ. ಎಲ್ಲರೂ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟದ ಅಳತೆ, ಕಡಿಮೆಯಿದ್ದಷ್ಟೂ ನುರಿತವರು) 14. ಹದಿನೆಂಟು ಹೋಲ್ ಆಡಿ ಮುಗಿಸಿದ ಮೇಲೆ ಆ ಫಲಕದಲ್ಲಿ ಒಂದು ಪದವೂ ಹೆಚ್ಚಿಲ್ಲವೆಂದು ಹೇಳಬಲ್ಲೆ.

ಟೀ ಸಮಯವನ್ನು, ಅಂದರೆ ಆಟ ಶುರುಮಾಡುವ ಸಮಯವನ್ನು, ಮುಂಗಡವಾಗಿ ಕಾದಿರಿಸುವುದರಲ್ಲಿ ನ್ಯೂಯಾರ್ಕ್ ನಿವಾಸಿಗಳಿಗೆ ಮೊದಲ ಅವಕಾಶವಿದೆ, ನಮ್ಮಂಥ ಹೊರಗಿನವರಿಗೆ ನಂತರ. ಶುಲ್ಕವೂ ನಮಗೆ ಸುಮಾರು ಎರಡರಷ್ಟು. ಕಾದಿರಿಸಲು ಆಗದವರು ನಿಗದಿತ ವಾಹನ ನಿಲುಗಡೆಯಲ್ಲಿ ಕಾರಿನೊಳಗೇ ರಾತ್ರಿ ಕಳೆದು, ಬಂದ ಸರದಿಯಂತೆ ಬೆಳಗಿನ ಸಮಯ ಪಡೆಯುವ ಪದ್ಧತಿ ದಶಕಗಳಿಂದ ಇದೆ. ವಯಸ್ಸಾದವರಿಗೆ ಅದನ್ನು ಹೇಳಲಾರೆ. ಸೋಮವಾರ ಬ್ಲ್ಯಾಕ್ ಕೋರ್ಸಿಗೆ ರಜೆಯೆಂಬುದನ್ನು ನೆನಪಿಟ್ಟು ದಿನ ಆರಿಸಿಕೊಳ್ಳಿ. ಕಾರಿಲ್ಲದವರು ಮ್ಯಾನ್‌ಹಟನ್ನಿನ ಪೆನ್ ಸ್ಟೇಷನ್‌ನಿಂದ ಲಾಂಗ್ ಐಲ್ಯಾಂಡ್ ರೈಲು ಹಿಡಿದು ಫಾರ್ಮಿಂಗ್‌ಡೇಲ್‌ನಲ್ಲಿ ಇಳಿದರೆ ಅಲ್ಲಿಂದ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷ.

ನಮ್ಮವರು ಹೆಚ್ಚು ಗಮನ ಕೊಡಬೇಕಾದದ್ದು ನಡಿಗೆಗೆ. ಬ್ಲ್ಯಾಕ್ ಕೋರ್ಸಿನಲ್ಲಿ ಗಾಲ್ಫ್ ಕಾರ್ಟಿಗೆ ಅವಕಾಶವಿಲ್ಲ, ಎಲ್ಲರೂ ನಡೆದೇ ಆಡಬೇಕು. ಬೆಂಗಳೂರಿನಲ್ಲಿ ನಾವೂ ನಡೆದೇ ಆಡುತ್ತೇವೆ, ಆದರೆ ಬ್ಯಾಗು ಕ್ಯಾಡಿಯ ಹೆಗಲ ಮೇಲಿರುತ್ತದೆ. ಚೆಂಡು ಎಲ್ಲಿ ಬಿತ್ತೆಂದು ನೋಡುವವರೂ ಅವರೇ, ಗ್ರೀನ್ (ಗುಳಿಯ ಸುತ್ತಲಿನ ನುಣುಪಾದ ಹುಲ್ಲು) ಮೇಲೆ ಬಾಗಿ ಕುಳಿತು “ಸಾರ್, ಬಲಕ್ಕೆ ಎರಡು ಬಾಲ್ ಬಿಟ್ಟು ಹೊಡೀರಿ” ಎನ್ನುವವರೂ ಅವರೇ. ಬೆತ್‌ಪೇಜ್‌ನಲ್ಲಿ ಮೊದಲೇ ಏರ್ಪಾಡು ಮಾಡಿಕೊಂಡು ಹಣ ತೆತ್ತರೆ ಕ್ಯಾಡಿ ಸಿಗುತ್ತಾರೆ, ಇಲ್ಲವಾದರೆ ಹೊರೆ ನಮ್ಮದೇ. ನಾನು ಹೊರಡುವ ಮುಂಚಿನ ಎರಡು ತಿಂಗಳು ವಾರಕ್ಕೆ ಮೂರು ದಿನ, ಎರಡೂ ಹೆಗಲಿಗೆ ಬ್ಯಾಗು ಹಾಕಿಕೊಂಡು, ಲಾಲ್‌ಬಾಗಿನ ಬಂಡೆಯನ್ನು ಹತ್ತಿ ಇಳಿದು ಅಭ್ಯಾಸ ಮಾಡಿದೆ. ನಿಯಮದಂತೆ ಒಯ್ಯಬಹುದಾದ 14 ಕ್ಲಬ್ಬುಗಳ (ಚೆಂಡು ಹೊಡೆಯುವ ಕೋಲುಗಳು) ಬದಲು 10 ಮಾತ್ರ ಒಯ್ದೆ. ಆ ಎರಡು ನಿರ್ಧಾರಗಳಿಲ್ಲದೆ ಕೊನೆಯ ಆರು ಹೋಲ್‌ಗಳನ್ನು ನಾನು ಆಡಲಾರದೆ ಹೋಗುತ್ತಿದ್ದೆ.

ಎರಡನೆಯದು ದೂರದ ಲೆಕ್ಕ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಸ್ವಲ್ಪ ತೆಳುವಾದ್ದರಿಂದ ಚೆಂಡು ನೂರಕ್ಕೆ ಮೂರು ನಾಲ್ಕು ಪಾಲು ಹೆಚ್ಚು ದೂರ ಹೋಗುತ್ತದೆ. ಬೆಂಗಳೂರಿನಲ್ಲಿ 150 ಗಜ ಹೋಗುವ ನನ್ನ ಏಳನೇ ಐರನ್ (ಮಧ್ಯಮ ದೂರದ ಕ್ಲಬ್) ಹೊಡೆತ, ಸಮುದ್ರ ಮಟ್ಟಕ್ಕೆ ಹತ್ತಿರದ ಲಾಂಗ್ ಐಲ್ಯಾಂಡಿನಲ್ಲಿ 145ಕ್ಕೇ ನಿಂತಿತು. ಬೆಳಗಿನ ತಂಪು ಇನ್ನೂ ಒಂದೆರಡು ಗಜ ಕಸಿದುಕೊಂಡಿತು. ಐದು ಗಜ ಎಲ್ಲಿಯ ಲೆಕ್ಕ ಎನ್ನಬೇಡಿ. ಈ ಕೋರ್ಸಿನ ಬಹುಪಾಲು ಗ್ರೀನ್‌ಗಳ ಮುಂಭಾಗವನ್ನೇ ಆಳವಾದ ಬಂಕರ್‌ಗಳು ಕಾಯುತ್ತವೆ, ತುಸು ಕಡಿಮೆ ಬಿದ್ದ ಚೆಂಡಿಗೆ ಅಲ್ಲಿ ಮರಳೇ ಗತಿ. ಮೊದಲ ಮೂರು ಹೋಲ್‌ಗಳಲ್ಲಿ ಎರಡು ಸಲ ಹಾಗಾದ ಮೇಲೆ ನಾನು ಪ್ರತಿ ಹೊಡೆತಕ್ಕೂ ಒಂದು ಹಂತ ಹೆಚ್ಚು ದೂರ ಹೋಗುವ ಕ್ಲಬ್ ಹಿಡಿಯತೊಡಗಿದೆ.

ನಾಲ್ಕನೇ ಹೋಲ್ ಈ ಕೋರ್ಸಿನ ಅತ್ಯಂತ ಸುಂದರ ನೋಟ. ಪಾರ್ ಐದು, ಏರುತ್ತಾ ಹೋಗುವ ನೆಲಕ್ಕೆ ಅಡ್ಡಲಾಗಿ, ಓರೆಯಾಗಿ ಭಾರಿ ಬಂಕರ್ ಹಬ್ಬಿದೆ. ಅದನ್ನು ದಾಟಿದರೂ ಮೇಲಿರುವ ಗ್ರೀನ್ ಹಿಂದಕ್ಕೆ ಇಳಿಜಾರಾಗಿರುವುದರಿಂದ ದೂರದಿಂದ ಹೊಡೆದ ಚೆಂಡು ಅಲ್ಲಿ ನಿಲ್ಲುವುದು ಕಷ್ಟ. ಮೂರು ಹೊಡೆತಗಳಲ್ಲಿ ಗ್ರೀನ್ ತಲುಪುವುದೆಂದು ಟೀ ಮೇಲೆಯೇ ತೀರ್ಮಾನಿಸಿ ಆಡಿದ್ದರಿಂದ ನನಗೆ ಅಲ್ಲಿ ಪಾರ್ ದಕ್ಕಿತು, ಆ ದಿನದ ನನ್ನ ದೊಡ್ಡ ಸಂತೋಷ ಅದು. ನೀರಿನ ಭಯ ಬೇಡ. ಎಂಟನೇ ಹೋಲ್‌ನ ಕೊಳ ಬಿಟ್ಟರೆ ಬೇರೆಲ್ಲೂ ನೀರು ಅಡ್ಡ ಬರುವುದಿಲ್ಲ. ಹದಿನೈದನೆಯದು ನಿಜವಾದ ಪರೀಕ್ಷೆ. ಫೇರ್‌ವೇಗಿಂತ (ಟೀಯಿಂದ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿ) ಸುಮಾರು 50 ಅಡಿ ಮೇಲಿರುವ ಗ್ರೀನ್, ಅದರಲ್ಲೂ ಎರಡು ಹಂತ. ಉಳಿದ ಗ್ರೀನ್‌ಗಳು ಹೆಚ್ಚಾಗಿ ಸಮತಟ್ಟಾಗಿದ್ದು ಕ್ಯಾಡಿಯಿಲ್ಲದ ನನಗೂ ಅರ್ಥವಾದವು, ಇದು ಮಾತ್ರ ಆಗಲಿಲ್ಲ. ಫೇರ್‌ವೇಯ ಪಕ್ಕದ ರಫ್‌ನ ಹುಲ್ಲು ನಮ್ಮ ಬರ್ಮುಡಾ ಹುಲ್ಲಿನಂತಲ್ಲ, ಉದ್ದವಾಗಿ ದಟ್ಟವಾಗಿ ಕ್ಲಬ್ಬಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಅದರೊಳಗೆ ಬಿದ್ದಾಗ ದೂರದ ಆಸೆ ಬಿಟ್ಟು ಚೆಂಡನ್ನು ಎತ್ತಿ ಹೊಡೆಯುವ ವೆಜ್ ಕ್ಲಬ್ ಹಿಡಿದು ಫೇರ್‌ವೇಗೆ ಮರಳುವುದೇ ಸರಿ.

ಹಿಂದಿನ ಟೀಯಿಂದ ಈ ಕೋರ್ಸ್ 7,400 ಗಜ ಮೀರುತ್ತದೆ. ಪಂದ್ಯಾವಳಿಯ ಆಟಗಾರರು ನಿಂತ ಜಾಗದಲ್ಲೇ ನಿಲ್ಲಬೇಕೆಂಬ ಆಸೆ ಸಹಜ, ಆದರೆ ಮೊದಲ ಸಲ ಹೋಗುವವರು ದಯವಿಟ್ಟು ಮುಂದಿನ ಟೀಗಳಿಂದಲೇ ಆಡಿ. ನಾನು ಹಾಗೆ ಆಡಿ 104 ಹೊಡೆದೆ. ಅಷ್ಟು ಹೊಡೆತಗಳಾದರೂ ಕೊಟ್ಟ ಹಣಕ್ಕೆ ತಕ್ಕದ್ದಕ್ಕಿಂತ ಹೆಚ್ಚೇ ಸಿಕ್ಕಿತೆಂದು ಭಾವಿಸುತ್ತೇನೆ. ಐದಕ್ಕೆ ಐದು ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ಆದರೆ 20ಕ್ಕಿಂತ ಹೆಚ್ಚಿನ ಹ್ಯಾಂಡಿಕ್ಯಾಪ್ ಇರುವವರಿಗೆ, ಮಂಡಿ ನೋವಿರುವವರಿಗೆ ನನ್ನ ಸಲಹೆ ಬೇರೆ: ಅದೇ ಉದ್ಯಾನದ ಗ್ರೀನ್ ಅಥವಾ ಯೆಲ್ಲೋ ಕೋರ್ಸಿನಲ್ಲಿ ನೆಮ್ಮದಿಯಾಗಿ ಆಡಿ, ಬ್ಲ್ಯಾಕ್ ಕೋರ್ಸಿನ ಮೊದಲ ಟೀಯನ್ನು ನೋಡಿ ಬನ್ನಿ. ಎರಡು ದಿನ ಬಿಡುವಿದ್ದವರು ಮೊದಲ ದಿನ ರೆಡ್ ಕೋರ್ಸನ್ನು ಆಡುವುದು ಒಳ್ಳೆಯದು. ಅದೂ ಸುಲಭದ್ದಲ್ಲ, ಆದರೆ ಅಲ್ಲಿಯ ಹುಲ್ಲು, ಮರಳು ಮತ್ತು ಗಾಳಿಯಲ್ಲಿ ನಿಮ್ಮ ಪ್ರತಿ ಕ್ಲಬ್ಬಿನ ದೂರ ಎಷ್ಟೆಂದು ಒಂದು ಚೀಟಿಯಲ್ಲಿ ಬರೆದುಕೊಂಡು, ಮರುದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಬ್ಲ್ಯಾಕ್‌ಗೆ ಹೋಗಬಹುದು.