ಐ1 ಡಿಸ್ಪ್ಲೇ ಪ್ರೊ: ಬದಿಯಡ್ಕದ ಸ್ಟುಡಿಯೋದಲ್ಲಿ ಆರು ವರ್ಷ

ಮಾನಿಟರಿನ ಬಣ್ಣ ಅಳೆದು ಸರಿ ಮಾಡುವ ಈ ಯಂತ್ರವನ್ನು ತಗೊಂಡದ್ದು 2019ರಲ್ಲಿ, ಒಂದು ಸ್ಮರಣ ಸಂಚಿಕೆಯ ಮುಖಪುಟ ಹಾಳಾದ ಮೇಲೆ. ಯಕ್ಷಗಾನದ ಬಣ್ಣದ ವೇಷದ ಫೋಟೋ ಅದು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚಿಟ್ಟಿ ಇಡುತ್ತಾರಲ್ಲ, ಆ ಬಿಳಿ ನನ್ನ ಮಾನಿಟರಿನಲ್ಲಿ ಸ್ವಲ್ಪ ನೀಲಿಯಾಗಿ ಕಂಡಿತು. ನೀಲಿ ಕಡಿಮೆ ಮಾಡಿದೆ, ಹಳದಿ ಸೇರಿಸಿದೆ. ಹಾಲಿನಂಥ ಬಿಳಿ ಬಂತು. ಪ್ರೆಸ್ಸಿನಿಂದ ಕಟ್ಟು ಬಂದು ಬಿಚ್ಚಿ ನೋಡಿದರೆ ಚಿಟ್ಟಿಗೆ ಅರಸಿನ ಮೆತ್ತಿದ ಹಾಗಿತ್ತು, ಇಡೀ ಪುಟ ಬೇರೆ ಕಪ್ಪು ಕಪ್ಪು. ವೇಷ ಕಟ್ಟಿದ ಕಲಾವಿದರು ಪುಟವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಇದು ನನ್ನ ಮುಖ ಅಲ್ಲ ಮಾರಾಯಾ" ಅಂದರು. ಗಂಟೆಗಟ್ಟಲೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕೂತು ಬರೆದುಕೊಂಡ ಮುಖ ಅದು. ಇವತ್ತಿಗೂ ಆ ಮಾತು ನೆನಪಾದರೆ ಬೇಜಾರಾಗುತ್ತದೆ.

ಪ್ರೆಸ್ಸಿನವರದ್ದೇ ತಪ್ಪು ಅಂತ ಆಗ ಅಂದುಕೊಂಡಿದ್ದೆ. ಈ ಯಂತ್ರ ಬಂದ ದಿನವೇ ಗೊತ್ತಾಯ್ತು, ನನ್ನ ಮಾನಿಟರೇ ಸುಳ್ಳು ಹೇಳುತ್ತಿತ್ತು.

ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಯುಎಸ್‌ಬಿಗೆ ಚುಚ್ಚಿ ಸ್ಕ್ರೀನಿನ ಮೇಲೆ ನೇತು ಹಾಕಬೇಕು. ಒಂದರ ಹಿಂದೆ ಒಂದು ಬಣ್ಣ ಬರುತ್ತದೆ, ಇದು ಅಳೆಯುತ್ತದೆ, ಕೊನೆಗೆ ಆ ಮಾನಿಟರಿನದ್ದೇ ಒಂದು ಪ್ರೊಫೈಲ್, ಅಂದರೆ ಅದು ಬಣ್ಣವನ್ನು ಹೇಗೆ ತೋರಿಸುತ್ತದೆ ಅಂತ ಕಂಪ್ಯೂಟರಿಗೆ ತಿಳಿಸುವ ಫೈಲ್, ಮಾಡಿ ಕೊಡುತ್ತದೆ. ಬಿಳಿಯನ್ನು ಅಳೆಯುವುದು ಕೆಲ್ವಿನ್‌ನಲ್ಲಿ, ಅಂಕೆ ಏರಿದಷ್ಟೂ ನೀಲಿ. ನನ್ನ ಮಾನಿಟರಿನ ಬಿಳಿ 9000 ಕೆಲ್ವಿನ್ ಹತ್ತಿರ ಇತ್ತು. ಇರಬೇಕಾದದ್ದು 6500, ಅದನ್ನೇ ಡಿ65 ಅನ್ನುವುದು. ಸ್ಕ್ರೀನೇ ನೀಲಿ ಅಂದ ಮೇಲೆ ಅದರಲ್ಲಿ ನೋಡಿ ತಿದ್ದಿದ್ದೆಲ್ಲ ಕಾಗದದ ಮೇಲೆ ಹಳದಿ ಆಗದೆ ಇನ್ನೇನಾಗುತ್ತದೆ? ಬ್ರೈಟ್‌ನೆಸ್ ಕೂಡ ಹಾಗೆಯೇ, ಪೂರ್ತಿ ಏರಿಸಿ ಇಟ್ಟಿದ್ದೆ. ಈಗ ಚದರ ಮೀಟರಿಗೆ 120 ಕ್ಯಾಂಡೆಲಾಕ್ಕೆ (ಸ್ಕ್ರೀನಿನ ಬೆಳಕಿನ ಅಳತೆ ಅದು) ಇಳಿಸಿದ್ದೇನೆ. ಮೊದಲ ಒಂದು ವಾರ ಸ್ಕ್ರೀನ್ ಮಂಕು ಅನಿಸಿತು, ಆಮೇಲೆ ಕಣ್ಣಿಗೆ ರೂಢಿಯಾಯ್ತು. ಪ್ರಿಂಟ್ ಕಪ್ಪಾಗಿ ಬರುತ್ತದೆ ಅಂತ ದೂರುವವರು ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ ನೋಡಿ. ಅರ್ಧಕ್ಕರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಕಂಪೆನಿಯ ಸಾಫ್ಟ್‌ವೇರ್ ಜೊತೆಗೇ ಬರುತ್ತದೆ. ನಾನು ಸ್ವಲ್ಪ ದಿನದಲ್ಲೇ ಡಿಸ್ಪ್ಲೇಕಾಲ್ ಅನ್ನುವ ಬೇರೆ ಸಾಫ್ಟ್‌ವೇರಿಗೆ ಬಂದೆ. ಅದು ಉಚಿತ, ಒಳಗೆ ಕೆಲಸ ಮಾಡುವುದು ಆರ್ಗಿಲ್ ಅನ್ನುವ ಇನ್ನೊಂದು ಸಾಫ್ಟ್‌ವೇರ್. ಒಂದು ಎಚ್ಚರಿಕೆ ಹೇಳುತ್ತೇನೆ, ಡಿಸ್ಪ್ಲೇಕಾಲ್‌ನಲ್ಲಿ ಮಾನಿಟರಿನ ಬ್ಯಾಕ್‌ಲೈಟ್ (ಸ್ಕ್ರೀನಿನ ಹಿಂದಿನ ದೀಪ) ಯಾವುದು ಅಂತ ಸರಿಯಾಗಿ ಆರಿಸಬೇಕು. ಸಾದಾ ವೈಟ್ ಎಲ್‌ಇಡಿಗೆ ಒಂದು, ಹೆಚ್ಚು ಬಣ್ಣ ತೋರಿಸುವ ವೈಡ್ ಗ್ಯಾಮಟ್‌ಗೆ ಬೇರೆ. ತಪ್ಪು ಆರಿಸಿದರೆ ಅಳತೆಯೇ ತಪ್ಪುತ್ತದೆ. ಮಾನಿಟರ್ ಹಾಕಿ ಅರ್ಧ ಗಂಟೆ ಬಿಟ್ಟು ಅಳೆಯಿರಿ. ನಾನು ತಿಂಗಳಿಗೊಮ್ಮೆ ಮಾಡುತ್ತೇನೆ, ಕೊನೆಯಲ್ಲಿ ನೋಡಿದಾಗ ಸರಾಸರಿ ಡೆಲ್ಟಾ ಇ 1ರ ಒಳಗೇ ಇರುತ್ತದೆ. ಅಂದರೆ ಬೇಕಾದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದೇ ಕಷ್ಟ.

ಆದರೆ ಇದೊಂದು ತಗೊಂಡರೆ ಎಲ್ಲ ಕಡೆ ಒಂದೇ ಬಣ್ಣ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದು ಸರಿ ಮಾಡುವುದು ಸ್ಕ್ರೀನ್ ಮಾತ್ರ. ಕಾಗದವನ್ನು ಇದು ಓದುವುದಿಲ್ಲ, ಅದಕ್ಕೆ ಸ್ಪೆಕ್ಟ್ರೋಫೋಟೋಮೀಟರ್ ಬೇಕು, ಅದರ ಬೆಲೆ ನನ್ನಂಥ ಸಣ್ಣ ಸ್ಟುಡಿಯೋಗೆ ಆಗುವ ಮಾತಲ್ಲ. ನನ್ನ ಇಂಕ್‌ಜೆಟ್‌ಗೆ ಕಾಗದದ ಕಂಪೆನಿಯವರೇ ಕೊಡುವ ಪ್ರೊಫೈಲ್ ಹಾಕುತ್ತೇನೆ, ಆಲ್ಬಮ್ ಕೆಲಸಕ್ಕೆ ಅಷ್ಟು ಸಾಕು. ಆಫ್‌ಸೆಟ್‌ಗೆ ಹೋಗುವುದಾದರೆ ಪ್ರೆಸ್ಸಿನವರ ಹತ್ತಿರ ಪ್ರೊಫೈಲ್ ಕೇಳುತ್ತೇನೆ. ಇಲ್ಲ ಅಂದರೆ ಆರ್ಟ್ ಪೇಪರಿಗೆ ಫೋಗ್ರಾ39 ಅನ್ನುವ ಸಿದ್ಧ ಪ್ರೊಫೈಲ್ ಹಾಕಿ, ಪ್ರಿಂಟಿನಲ್ಲಿ ಹೇಗೆ ಬರುತ್ತದೆ ಅಂತ ಫೋಟೋಶಾಪಿನಲ್ಲಿ ಕಂಟ್ರೋಲ್ ವೈ ಒತ್ತಿ ನೋಡುತ್ತೇನೆ. ಹೊಳೆಯುವ ನೀಲಿ, ಹೊಳೆಯುವ ಹಸಿರು, ಉರಿಯುವ ಕಿತ್ತಳೆ, ಇವು ನಾಲ್ಕು ಇಂಕಿನಲ್ಲಿ ಸಿಗುವ ಬಣ್ಣಗಳೇ ಅಲ್ಲ. ಮದುವೆಯ ಹೇಳಿಕೆ ಕಾಗದ ಮಾಡಿಸಲು ಬಂದವರಿಗೆ ಈಗ ಮೊದಲೇ ಸ್ಕ್ರೀನಿನಲ್ಲಿ ತೋರಿಸುತ್ತೇನೆ, "ನೋಡಿ, ಈ ನೀಲಿ ಪ್ರಿಂಟಿನಲ್ಲಿ ಇಷ್ಟು ಇಳಿಯುತ್ತದೆ" ಅಂತ. ಮೊದಲೇ ನೋಡಿದವರು ಆಮೇಲೆ ಜಗಳಕ್ಕೆ ಬರುವುದಿಲ್ಲ.

ಅತಿ ಜಾಸ್ತಿ ಕಲಿಸಿದ್ದು ಕಾಸರಗೋಡು ಸೀರೆಯ ಒಂದು ಕೆಲಸ. ಕೈಮಗ್ಗದ ಹತ್ತಿ ಸೀರೆ, ಬೂದಿ ಬೆರೆತ ಹಸಿರು. ಕಿಟಕಿ ಪಕ್ಕ ಸೀರೆಯನ್ನೂ ಪ್ರಿಂಟನ್ನೂ ಇಟ್ಟು ನೋಡಿದೆ, ಒಂದೇ ಬಣ್ಣ. ಖುಷಿಯಾಯ್ತು. ಒಳಗೆ ಕೌಂಟರಿನ ಎಲ್‌ಇಡಿ ಕೆಳಗೆ ಇಟ್ಟರೆ ಸೀರೆ ಹಸಿರಾಗಿಯೇ ಇದೆ, ಪ್ರಿಂಟ್ ಮಾತ್ರ ಕಂದು ಬಣ್ಣಕ್ಕೆ ತಿರುಗಿದೆ! ನೂಲಿನ ಬಣ್ಣಕ್ಕೂ ಇಂಕಿಗೂ ಬೆಳಕನ್ನು ಹೀರುವ ರೀತಿ ಬೇರೆ, ಒಂದು ಬೆಳಕಿನಲ್ಲಿ ಹೊಂದಿಕೊಂಡದ್ದು ಇನ್ನೊಂದರಲ್ಲಿ ಬೇರೆಯಾಗುತ್ತದೆ. ಮೆಟಮೆರಿಸಂ ಅನ್ನುತ್ತಾರೆ. ಇದನ್ನು ಯಾವ ಪ್ರೊಫೈಲೂ ಪೂರ್ತಿ ಸರಿ ಮಾಡಲಾರದು. ಅದಾದ ಮೇಲೆ ಪ್ರೂಫ್ ನೋಡುವ ಮೇಜಿನ ಮೇಲೆ 5000 ಕೆಲ್ವಿನ್, ಸಿಆರ್‌ಐ (ದೀಪ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ) 90ಕ್ಕಿಂತ ಜಾಸ್ತಿ ಇರುವ ಟ್ಯೂಬ್ ಹಾಕಿಸಿದೆ. ಗೋಡೆಯ ಬಣ್ಣ ಪ್ರಿಂಟಿನ ಮೇಲೆ ಬೀಳದ ಹಾಗೆ ಗುಲಾಬಿ ಗೋಡೆಗೆ ಬೂದು ಬಣ್ಣ ಹೊಡೆಸಿದೆ. ಗಿರಾಕಿಗೂ ಅಲ್ಲೇ ತೋರಿಸುತ್ತೇನೆ.

ಮೊಬೈಲಿನ ವಿಷಯ ಒಂದೇ ಮಾತಲ್ಲಿ ಹೇಳುವುದಾದರೆ, ಸಾಮಾನ್ಯ ಸ್ಕ್ರೀನುಗಳಿಗೆ ಹೊಂದುವ ಎಸ್‌ಆರ್‌ಜಿಬಿ ಬಣ್ಣದ ವ್ಯವಸ್ಥೆಯಲ್ಲಿ ಫೋಟೋ ಕಳಿಸಿ, ಪ್ರೊಫೈಲ್ ಸೇರಿಸಿ ಕಳಿಸಿ, ಮತ್ತೆ ಗಿರಾಕಿಯ ಫೋನ್ ಬಣ್ಣ ಏರಿಸಿ ತೋರಿಸುವ ವಿವಿಡ್ ಮೋಡಿನಲ್ಲಿ ಇದ್ದರೆ ನಾವು ಏನೂ ಮಾಡುವ ಹಾಗಿಲ್ಲ.

ಯಂತ್ರ ಆರು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಹೆದರಿ ಕ್ಯಾಮೆರಾ ಲೆನ್ಸ್ ಜೊತೆ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲೇ ಇಡುತ್ತೇನೆ. ಈಗ ಇದೇ ಬಗೆಯದ್ದು ಕ್ಯಾಲಿಬ್ರೈಟ್ ಹೆಸರಿನಲ್ಲಿ ಬರುತ್ತದೆ, ಹುಡುಕುವವರು ಆ ಹೆಸರಿನಲ್ಲಿ ಹುಡುಕಿ. ನಾನು ಕೊಟ್ಟದ್ದು 20 ಸಾವಿರದ ಹತ್ತಿರ. ಮನೆಯಲ್ಲಿ ಸುಮ್ನೆ ಫೋಟೋ ನೋಡುವವರಿಗೆ ಬೇಡ. ಪ್ರಿಂಟಿಗೆ ಕೊಟ್ಟು ದುಡ್ಡು ತಗೊಳ್ಳುವವರು ಹೊಸ ಲೆನ್ಸಿಗಿಂತ ಮೊದಲು ಇದನ್ನು ತಗೊಳ್ಳಿ.

ಬ್ಯಾನರಿನಲ್ಲಿ ಮಾತ್ರ ಇನ್ನೂ ಒದ್ದಾಡುತ್ತಿದ್ದೇನೆ. ನಮ್ಮ ಕೇರಳದಲ್ಲಿ 2019ರಲ್ಲಿ ಪಿವಿಸಿ ಫ್ಲೆಕ್ಸ್ ನಿಷೇಧ ಆದ ಮೇಲೆ ಬಟ್ಟೆಯ ಬ್ಯಾನರ್ ಜಾಸ್ತಿಯಾಯ್ತು, ಬಟ್ಟೆ ಇಂಕನ್ನು ಕುಡಿಯುತ್ತದೆ, ಕೆಂಪು ಸತ್ತು ಹೋಗುತ್ತದೆ. ಒಂದೊಂದು ಬಗೆಯ ಬಟ್ಟೆಗೂ ಅಂಗೈ ಅಗಲದ ತುಂಡಿನಲ್ಲಿ ಆರೇಳು ಕೆಂಪು ಪ್ರಿಂಟ್ ಮಾಡಿಸಿ, ಪಕ್ಕದಲ್ಲಿ ನಂಬರ್ ಬರೆದು ಗೋಡೆಗೆ ಅಂಟಿಸಿಟ್ಟಿದ್ದೇನೆ. ಕಳೆದ ಯಕ್ಷಗಾನ ಆಟದ ಬ್ಯಾನರಿಗೆ ನಾಲ್ಕನೇ ಕೆಂಪು ಹಾಕಿದೆ. ಕಿರೀಟ ಕಿರೀಟದ ಹಾಗೆಯೇ ಬಂತು.